ನಿಂತಲ್ಲೇ ಮುದಿಯಾಗುವ ಬ್ಯಾಟರಿ: ರಾಯಚೂರು ಬಿಸಿಲಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಸಾಕುವ ಬಗೆ

ರಾಯಚೂರಿನ ತೀನ್ ಕಂದೀಲ್ ಹತ್ತಿರ ನನ್ನದೊಂದು ಇನ್ವರ್ಟರ್ ಬ್ಯಾಟರಿ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಸೀಸ, ಆಸಿಡ್, ಡಿಸ್ಟಿಲ್ಡ್ ವಾಟರ್ ಜೊತೆಗೇ ಬದುಕು. ಯಾವ ಗಿರಾಕಿ ಬಂದರೂ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಬ್ಯಾಟರಿ ಯಾವಾಗಲೂ ಫುಲ್ ಇರಬೇಕ್ರಿ. ಖಾಲಿ ಬಿಟ್ರ ಸತ್ತಂಗೆ." ಇನ್ವರ್ಟರ್ ಬ್ಯಾಟರಿಗೆ ಇದು ನೂರಕ್ಕೆ ನೂರು ಸರಿ. ಅರ್ಧ ಚಾರ್ಜ್‌ನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಏನು ಮಾಡಿದರೂ ಬಿಡುವುದಿಲ್ಲ.

2021ರಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ತಂದಾಗ ಅದೇ ಬುದ್ಧಿಯನ್ನು ಅದಕ್ಕೂ ಹಚ್ಚಿದೆ. ಮನೆಗೆ ಬಂದ ತಕ್ಷಣ ಪ್ಲಗ್ಗು. ರಾತ್ರಿಯಿಡೀ 100. ಭಾನುವಾರ ಹಗಲೆಲ್ಲ 100. ನಿಲ್ಲಿಸುವುದು ಹಿತ್ತಲಿನ ತಗಡಿನ ಶೆಡ್‌ನಲ್ಲಿ. 2022ರ ಏಪ್ರಿಲ್‌ನಲ್ಲಿ ಮಗಳ ಹೆರಿಗೆಗೆಂದು ಪುಣೆಗೆ ಹೋದೆವು. ಏಳು ವಾರ ಗಾಡಿ ಅದೇ ಶೆಡ್‌ನಲ್ಲಿ ಫುಲ್ ಚಾರ್ಜ್ ಆಗಿ ನಿಂತಿತ್ತು. ಹೋಗುವ ಮುಂಚೆ ಎರಡು ಸಲ ನೋಡಿದ್ದೆ, 100 ಇದೆಯಲ್ಲ ಅಂತ.

ಹೊಸದರಲ್ಲಿ 85 ಕಿ.ಮೀ. ಓಡುತ್ತಿದ್ದ ಗಾಡಿ 2023ರ ಬೇಸಿಗೆ ಮುಗಿಯುವಷ್ಟರಲ್ಲಿ 72ಕ್ಕೆ ಇಳಿಯಿತು. ಬ್ಯಾಟರಿ ಅಂಗಡಿಯವನ ಬ್ಯಾಟರಿಯೇ ಹೀಗಾದರೆ ಊರಲ್ಲಿ ಮರ್ಯಾದೆ ಏನು? ಆಗ ಕೂತು ಓದಿದೆ, ಮೀಟರ್ ತಂದು ಅಳೆದೆ, ಒಂದು ನೋಟ್‌ಬುಕ್ ಇಟ್ಟೆ. ಈ ಬರಹ ಆ ನೋಟ್‌ಬುಕ್ಕಿನದು. ಸ್ಕೂಟರ್ ಇಟ್ಟುಕೊಂಡು ಹೇಳಿದ್ದರೂ ಹೆಚ್ಚಿನದು ಕಾರಿಗೂ ಹೊಂದುತ್ತದೆ.

ಮೊದಲು ಕೆನೆಯ ವಿಷಯ

ಲಿಥಿಯಂ ಬ್ಯಾಟರಿಯ ಒಳಗೆ ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ಲೋಹದ ಆಕ್ಸೈಡ್ ಅಥವಾ ಫಾಸ್ಫೇಟ್. ನಡುವೆ ಒಂದು ದ್ರವ. ಚಾರ್ಜ್ ಮಾಡುವಾಗ ಲಿಥಿಯಂ ಹೋಗಿ ಗ್ರಾಫೈಟಿನ ಪದರಗಳ ನಡುವೆ ಕೂರುತ್ತದೆ. ಓಡಿಸುವಾಗ ವಾಪಸ್ ಬರುತ್ತದೆ. ಹೋಗಿ ಬರುವ ಲಿಥಿಯಂ ಎಷ್ಟಿದೆಯೋ ನಿಮ್ಮ ಕಿಲೋಮೀಟರ್ ಅಷ್ಟು.

ಗ್ರಾಫೈಟನ್ನು ಆ ದ್ರವ ಮುಟ್ಟುವ ಕಡೆ ತೆಳ್ಳಗೆ ಒಂದು ಪದರ ಕಟ್ಟುತ್ತದೆ. ಥೇಟ್ ಹಾಲಿನ ಕೆನೆ. ಕೆನೆ ಎಲ್ಲಿಂದ ಬಂತು? ಹಾಲಿನಿಂದಲೇ. ಹಾಗೆಯೇ ಈ ಪದರ ಕಟ್ಟಲು ಬೇಕಾದ ಲಿಥಿಯಂ ಬ್ಯಾಟರಿಯ ಒಳಗಿಂದಲೇ ಖರ್ಚಾಗುತ್ತದೆ. ಪದರಕ್ಕೆ ಹೋದದ್ದು ಮತ್ತೆ ಓಡಾಟಕ್ಕೆ ಬರುವುದಿಲ್ಲ. ಆದರೆ ಪದರವೇ ಇಲ್ಲದಿದ್ದರೂ ಕಷ್ಟ. ಅದೇ ಅಡ್ಡ ನಿಂತು ದ್ರವ ಮತ್ತಷ್ಟು ಕೆಡದಂತೆ ತಡೆಯುವುದು. ಕಾರ್ಖಾನೆಯಲ್ಲಿ ಮೊದಲ ಚಾರ್ಜ್ ಮಾಡುವಾಗ ಬೇಕೆಂದೇ ಇದನ್ನು ಕಟ್ಟಿಸುತ್ತಾರೆ.

ತೊಂದರೆ ಆಗುವುದು ಅದು ದಪ್ಪವಾಗುತ್ತಾ ಹೋದಾಗ. ದಪ್ಪ ಮಾಡುವುದು ಮುಖ್ಯವಾಗಿ ಮೂರು. ಬಿಸಿ: ಉಷ್ಣತೆ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆ ಸುಮಾರು ಎರಡು ಪಟ್ಟು ಜೋರಾಗುತ್ತದೆ. ಫುಲ್ ಚಾರ್ಜ್: ಗ್ರಾಫೈಟ್ ತುಂಬ ಲಿಥಿಯಂ ಕೂತಿರುವಾಗ ಅದು ದ್ರವದ ಜೊತೆ ಬೇಗ ಕೆಣಕಾಡುತ್ತದೆ, ಇನ್ನೊಂದು ತುದಿಯಲ್ಲೂ ವೋಲ್ಟೇಜ್ ಏರಿ ದ್ರವ ಕೆಡುತ್ತದೆ. ಮೂರನೆಯದು ಓಡಾಟ: ಲಿಥಿಯಂ ಒಳಗೆ ಹೊರಗೆ ಹೋದಂತೆಲ್ಲ ಗ್ರಾಫೈಟ್ ಉಬ್ಬಿ ತಗ್ಗುತ್ತದೆ, ಕೆನೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಹೊಸ ಕೆನೆ.

ಇದರಲ್ಲಿ ಮೊದಲ ಎರಡಕ್ಕೆ ಗಾಡಿ ಓಡಬೇಕಾಗಿಲ್ಲ, ನೋಡಿ. ಸುಮ್ನೆ ನಿಂತಿದ್ದರೂ ಸಾಕು. ಇನ್ವರ್ಟರ್ ಬುದ್ಧಿಯವನಿಗೆ ಹೊಳೆಯದೇ ಹೋದದ್ದು ಇದೇ.

ನನ್ನ ಲೆಕ್ಕ ಹೇಳುತ್ತೇನೆ, ಒರಟು ಲೆಕ್ಕ. ಇನ್ವರ್ಟರ್ ಸರ್ವಿಸ್‌ಗೆ ಶಕ್ತಿನಗರದ ಕಡೆ ಹೋಗಿ ಬಂದರೆ ದಿನಕ್ಕೆ 40 ಕಿ.ಮೀ. ಆಸುಪಾಸು. ವರ್ಷಕ್ಕೆ 300 ದಿನ, 12,000 ಕಿ.ಮೀ. ಫುಲ್‌ಗೆ 85 ಅಂದರೆ ವರ್ಷಕ್ಕೆ ಸುಮಾರು 140 ಸೈಕಲ್, ಎರಡು ವರ್ಷಕ್ಕೆ 280. (ಫುಲ್ ಬ್ಯಾಟರಿಯನ್ನು ಒಂದು ಸಲ ಪೂರಾ ಬಳಸಿದರೆ ಒಂದು ಸೈಕಲ್. ಅರ್ಧರ್ಧ ಎರಡು ಸಲ ಬಳಸಿದರೂ ಒಂದೇ. ಪ್ಲಗ್ ಹಾಕಿದ ಸಲವೆಲ್ಲ ಸೈಕಲ್ ಅಲ್ಲ.) ನನ್ನ ಗಾಡಿಯ ನಮೂನೆಯ ಸೆಲ್ಲುಗಳು ಸಾವಿರ ಸೈಕಲ್ ಹೊತ್ತಿಗೆ ನೂರಕ್ಕೆ ಇಪ್ಪತ್ತು ಪಾಲು ಕಳೆದುಕೊಳ್ಳುತ್ತವೆ ಅಂತ ಇಟ್ಟುಕೊಳ್ಳಿ. ಹಾಗಾದರೆ 280ಕ್ಕೆ ಐದಾರು ಪಾಲು ಹೋಗಬೇಕಿತ್ತು. ನನ್ನದು ಹೋದದ್ದು ಹದಿನೈದು. ಮಿಕ್ಕ ಒಂಬತ್ತು ಹತ್ತು ಪಾಲನ್ನು ತಿಂದದ್ದು ರಸ್ತೆ ಅಲ್ಲ, ನಮ್ಮ ಹಿತ್ತಲಿನ ಶೆಡ್.

ನಿಮ್ಮದು ಯಾವ ಜಾತಿ?

ಇಲ್ಲಿ ಮಾತ್ರ ಜಾತಿ ಕೇಳಲೇಬೇಕು. ನಮ್ಮ ದೇಶದ ಗಾಡಿಗಳಲ್ಲಿ ಮುಖ್ಯವಾಗಿ ಎರಡು. ಎನ್‌ಎಂಸಿ, ಅಂದರೆ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್. ಇನ್ನೊಂದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಎನ್‌ಎಂಸಿ ಅಷ್ಟೇ ತೂಕದಲ್ಲಿ ಹೆಚ್ಚು ಕರೆಂಟ್ ಹಿಡಿಯುತ್ತದೆ. ಎಲ್‌ಎಫ್‌ಪಿ ಸ್ವಲ್ಪ ಭಾರ, ಆದರೆ ಗಟ್ಟಿ ಜೀವ. ಸೈಕಲ್ ಎರಡು ಮೂರು ಸಾವಿರ ದಾಟುತ್ತದೆ, ಬಿಸಿಯಾದರೂ ಅಷ್ಟು ಸುಲಭಕ್ಕೆ ಕೆರಳುವುದಿಲ್ಲ. 1997ರಲ್ಲಿ ಈ ಫಾಸ್ಫೇಟ್ ವಿಷಯವನ್ನು ಹೊರಗೆ ತಂದ ಪ್ರಬಂಧ ಬರೆದವರು ಮೂವರು: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. 2019ರಲ್ಲಿ ನೊಬೆಲ್ ಬಂದ ಗುಡ್‌ಇನಫ್ ಅವರೇ. ಟೆಕ್ಸಸ್‌ನಿಂದ ಬಂದ ಪ್ರಬಂಧದಲ್ಲಿ ನಂಜುಂಡಸ್ವಾಮಿ ಅನ್ನುವ ಹೆಸರು ಕಂಡ ದಿನ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದೆ.

ನಿಮ್ಮದು ಯಾವುದು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಇಲ್ಲದಿದ್ದರೆ ಬ್ಯಾಟರಿಯ ಮೇಲಿನ ಚೀಟಿ ನೋಡಿ. ಎಲ್‌ಎಫ್‌ಪಿ ಸೆಲ್ 3.2 ವೋಲ್ಟ್, ಎನ್‌ಎಂಸಿ ಸೆಲ್ 3.6 ಅಥವಾ 3.7. ಚೀಟಿಯಲ್ಲಿ 51.2 ಅಂತಿದ್ದರೆ 16 ಸೆಲ್, ಎಲ್‌ಎಫ್‌ಪಿ. 51.8 ಇದ್ದರೆ 14 ಸೆಲ್, ಎನ್‌ಎಂಸಿ. ನನ್ನದು 51.8. ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. 57.6 ಅನ್ನುವುದು 3.2ರಿಂದಲೂ ಭಾಗವಾಗುತ್ತದೆ, 3.6ರಿಂದಲೂ ಆಗುತ್ತದೆ. ಅಂಥ ಕಡೆ ಶೋರೂಮಿನವರನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಲ್ಲಿ ಕೇಳಿದರೆ "ಲಿಥಿಯಂ ಸರ್" ಅಂತಷ್ಟೇ ಹೇಳುತ್ತಾರೆ.

ನೆರಳು

ಮೊದಲ ಕೆಲಸ ಇದು. ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ನಮ್ಮ ತಗಡಿನ ಶೆಡ್‌ನಲ್ಲಿ ಥರ್ಮಾಮೀಟರ್ ಇಟ್ಟೆ. 48 ತೋರಿಸಿತು. ಅದೇ ಹೊತ್ತಿಗೆ ಮನೆ ಮುಂದಿನ ಬೇವಿನ ಮರದ ಕೆಳಗೆ 41. ಏಳು ಡಿಗ್ರಿ! ಮರ ಪುಕ್ಕಟೆ ಇತ್ತು, ತಗಡಿಗೆ ದುಡ್ಡು ಕೊಟ್ಟಿದ್ದೆ.

ಈಗ ಗಾಡಿ ಬೇವಿನ ಕೆಳಗೆ. ಅಂಗಡಿ ಹತ್ತಿರ ಮರ ಇಲ್ಲ, ಹಾಗಾಗಿ ಪಶ್ಚಿಮಕ್ಕೆ ಗೋಡೆ ಇರುವ ಕಡೆ ನಿಲ್ಲಿಸುತ್ತೇನೆ. ಮಧ್ಯಾಹ್ನದ ಮೇಲೆ ನೆರಳು ಬೀಳುತ್ತದೆ. ತಗಡಿನ ಶೆಡ್ಡೇ ಗತಿ ಅನ್ನುವವರು ತಗಡಿನ ಮೇಲೆ ಬಿಳಿ ಬಣ್ಣ ಹೊಡೆಯಿರಿ, ಎರಡು ಬದಿ ಗಾಳಿ ಆಡಲಿ. ಪ್ಲಾಸ್ಟಿಕ್ ಕವರ್ ಹೊದಿಸಿ ಬಿಸಿಲಿಗೆ ಬಿಡುವುದು ಬೇಡ. ಧೂಳು ಬೀಳುವುದಿಲ್ಲ ನಿಜ, ಒಳಗೆ ಬೇಯುತ್ತದೆ. ಬ್ಯಾಟರಿ ತೆಗೆಯಲು ಬರುವ ಗಾಡಿಯಾದರೆ ನಿಮಗೇ ಒಳ್ಳೆಯದು, ಎತ್ತಿ ನೆರಳಿಗೆ ಇಡಬಹುದು.

ಯಾವಾಗ, ಎಷ್ಟು ಚಾರ್ಜ್

ಬಿಸಿಲಿನಿಂದ ಬಂದ ಗಾಡಿಗೆ ಕೂಡಲೇ ಪ್ಲಗ್ ಹಾಕಬೇಡಿ. ಓಡಿ ಬಂದ ಎತ್ತಿಗೆ ತಕ್ಷಣ ಮೇವು ಹಾಕುತ್ತೀರಾ? ಒಂದು ಗಂಟೆ ಬಿಡಿ. ನಾನಂತೂ ಬೇಸಿಗೆಯಲ್ಲಿ ಸಂಜೆ ಚಾರ್ಜ್ ಮಾಡುವುದೇ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಶುರುವಾಗುವಂತೆ ಟೈಮರ್ ಇಟ್ಟಿದ್ದೇನೆ. ದಿನದಲ್ಲಿ ತಂಪಾದ ಹೊತ್ತು ಅದೇ. ಏಳಕ್ಕೆ ಮುಗಿಯುತ್ತದೆ, ಎಂಟಕ್ಕೆ ಹೊರಡುತ್ತೇನೆ. ಅಂದರೆ ಬ್ಯಾಟರಿ ತುಂಬಿದ ಮೇಲೆ ನಿಲ್ಲುವುದು ಒಂದೇ ಗಂಟೆ. ಮೊದಲು ರಾತ್ರಿ ಹತ್ತಕ್ಕೇ ತುಂಬಿ ಬೆಳಗಿನವರೆಗೂ 100ರಲ್ಲೇ ನಿಂತಿರುತ್ತಿತ್ತು. ಕರೆಂಟ್ ಹೋಗುವ ಭಯ ಇದ್ದೇ ಇದೆ. ಅದಕ್ಕೇ 40ಕ್ಕಿಂತ ಕೆಳಗಿದ್ದರೆ ಮಾತ್ರ ರಾತ್ರಿ ಒಂದು ಗಂಟೆ ಹಾಕಿ ಮಲಗುತ್ತೇನೆ.

ಎಷ್ಟು ತುಂಬಿಸಬೇಕು ಅನ್ನುವುದು ಜಾತಿಯ ಮೇಲೆ ನಿಂತಿದೆ. ಎನ್‌ಎಂಸಿಯಾದರೆ ದಿನಬಳಕೆಗೆ 80 ಸಾಕು, ಕೆಳಗೆ 20ರ ಹತ್ತಿರ ಬಂದಾಗ ಮತ್ತೆ ಹಾಕಿ. ಗಾಡಿಯ ಆ್ಯಪ್‌ನಲ್ಲೇ 80ಕ್ಕೆ ನಿಲ್ಲಿಸುವ ಸೌಲಭ್ಯ ಇದ್ದರೆ ಬಳಸಿ. ದೂರ ಹೋಗುವ ದಿನ 100 ಮಾಡಿ, ಅದರಲ್ಲಿ ಪಾಪ ಏನಿಲ್ಲ. ಮಾಡಿದ ಮೇಲೆ ಹೊರಡಿ, ಅಷ್ಟೇ.

ಎಲ್‌ಎಫ್‌ಪಿಯವರಿಗೆ ಸ್ವಲ್ಪ ಬೇರೆ. ಹೊಸಪೇಟೆಯಲ್ಲಿರುವ ನಮ್ಮ ಅಳಿಯನ ಕಾರು ಆ ಜಾತಿಯದು. ನನ್ನ ಮಾತು ಕೇಳಿ ಅವರೂ ಮೂರು ತಿಂಗಳು 80ಕ್ಕೇ ನಿಲ್ಲಿಸಿದರು. ಒಂದು ದಿನ 22 ತೋರಿಸುತ್ತಿದ್ದದ್ದು ನೋಡನೋಡುತ್ತಿದ್ದಂತೆ 9ಕ್ಕೆ ಬಿತ್ತು. "ಮಾವಾ, ನಿಮ್ಮ ಸಲಹೆ" ಅಂತ ಫೋನು. ತಪ್ಪು ನನ್ನದೇ. ಎಲ್‌ಎಫ್‌ಪಿಯ ವೋಲ್ಟೇಜ್ ನಡುವಿನ ಭಾಗದಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. 70ರಲ್ಲೂ ಅಷ್ಟೇ, 40ರಲ್ಲೂ ಅಷ್ಟೇ. ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್ ಇದೆಯಲ್ಲ, ಬಿಎಂಎಸ್, ಅದು ವೋಲ್ಟೇಜ್ ನೋಡಿ ಅಂದಾಜು ಮಾಡಲು ಆಗದೆ ಹೋದ ಬಂದ ಕರೆಂಟ್ ಎಣಿಸುತ್ತಾ ಕೂರುತ್ತದೆ. ದಿನ ಕಳೆದಂತೆ ಲೆಕ್ಕ ತಪ್ಪುತ್ತದೆ. ಒಮ್ಮೆ 100 ಮುಟ್ಟಿಸಿದರೆ ಲೆಕ್ಕ ಸರಿಮಾಡಿಕೊಳ್ಳುತ್ತದೆ, ಸೆಲ್ಲುಗಳನ್ನೂ ಸಮ ಮಾಡುತ್ತದೆ. ಹಾಗಾಗಿ ಎಲ್‌ಎಫ್‌ಪಿಗೆ ವಾರಕ್ಕೊಮ್ಮೆ 100 ಮಾಡಿ. ಎನ್‌ಎಂಸಿಗೆ ತಿಂಗಳಿಗೊಮ್ಮೆ ಮಾಡಿದರೆ ಸಾಕು. ಕಂಪನಿಯ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದನ್ನೇ ಕೇಳಿ.

ಪ್ಲಗ್ ವಿಷಯ ಒಂದೇ ಮಾತು: 16 ಆಂಪ್ ಸಾಕೆಟ್, ಸರಿಯಾದ ಅರ್ತಿಂಗ್. ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ.

ಫಾಸ್ಟ್ ಚಾರ್ಜಿಂಗ್ ದಾರಿಯಲ್ಲಿ ಬೇಕಾದಾಗ ಮಾಡಿ. ದಿನಾ ಅದೇ ಆದರೆ ಬ್ಯಾಟರಿ ದಿನಾ ಬಿಸಿಯಾಗುತ್ತದೆ. 80 ದಾಟಿದ ಮೇಲೆ ಹೇಗೂ ನಿಧಾನವಾಗುತ್ತದೆ, ಅಲ್ಲಿ ನಿಂತು ಕಾಯುವುದು ದಂಡ. ಮ್ಯೂನಿಕ್‌ನಲ್ಲಿರುವ ಅಣ್ಣನ ಮಗನದು ಉಲ್ಟಾ ಕಷ್ಟ. ಅಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗೆ ಇಳಿದಾಗ ಜೋರಾಗಿ ಚಾರ್ಜ್ ಕೊಟ್ಟರೆ ಲಿಥಿಯಂ ಗ್ರಾಫೈಟಿನ ಒಳಗೆ ಹೋಗಲು ಆಗದೆ ಮೇಲೆಯೇ ಲೋಹವಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಅವನ ಕಾರು ಮೊದಲು ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಂಡು ಆಮೇಲೆ ಚಾರ್ಜ್ ತೆಗೆದುಕೊಳ್ಳುತ್ತದೆ. ರಾಯಚೂರಿನವರಿಗೆ ಆ ಯೋಗ ಇಲ್ಲ.

ಊರಿಗೆ ಹೋಗುವಾಗ

ವಾರಕ್ಕಿಂತ ಜಾಸ್ತಿ ಗಾಡಿ ನಿಲ್ಲುವುದಾದರೆ 50ರ ಆಸುಪಾಸಿಗೆ ತಂದು ನಿಲ್ಲಿಸಿ. ಪ್ಲಗ್ ತೆಗೆದಿರಿ. ತಿಂಗಳು ದಾಟಿದರೆ ಯಾರಿಗಾದರೂ ಹೇಳಿ ಒಮ್ಮೆ ನೋಡಿಸಿ. ಗಾಡಿಯ ಕಂಪ್ಯೂಟರ್, ಸಿಮ್ ಎಲ್ಲ ಸ್ವಲ್ಪ ಸ್ವಲ್ಪ ಕುಡಿಯುತ್ತಿರುತ್ತವೆ. ಪೂರಾ ಸೊನ್ನೆಗೆ ಇಳಿದು ಹಾಗೇ ತಿಂಗಳುಗಟ್ಟಲೆ ಬಿದ್ದರೆ ಒಳಗಿನ ತಾಮ್ರದ ಹಾಳೆಯೇ ಕರಗಲು ಶುರುವಾಗುತ್ತದೆ. ಆಮೇಲೆ ಚಾರ್ಜ್ ಕೊಡುವುದು ಅಪಾಯ. ಫುಲ್ ಬಿಟ್ಟದ್ದಕ್ಕೆ ನಾನು ಕಿಲೋಮೀಟರ್ ಕಳೆದುಕೊಂಡೆ. ಪೂರಾ ಖಾಲಿ ಬಿಟ್ಟವರು ಬ್ಯಾಟರಿಯನ್ನೇ ಕಳೆದುಕೊಳ್ಳುತ್ತಾರೆ.

ಅಳೆಯುವುದು

ಡ್ಯಾಶ್‌ಬೋರ್ಡಿನ ರೇಂಜ್ ನಂಬಬೇಡಿ. ಅದು ನಿಮ್ಮ ನಿನ್ನೆಯ ಓಟ ನೋಡಿ ಹೇಳುವ ಅಂದಾಜು. ಬಹಳ ಜನ "ಬ್ಯಾಟರಿ ಹೋಯ್ತು" ಅಂತ ಬರುತ್ತಾರೆ. ಟೈರ್ ಒತ್ತಿ ನೋಡಿದರೆ ಗಾಳಿ ಅರ್ಧ. ಇಲ್ಲವೇ ಹಿಂದಿನ ಬ್ರೇಕ್ ಸವರುತ್ತಿರುತ್ತದೆ. ಅದನ್ನು ಮೊದಲು ನೋಡಿ.

ಆಮೇಲೆ ಸಾಕೆಟ್ಟಿಗೂ ಚಾರ್ಜರ್‌ಗೂ ನಡುವೆ ಹಾಕುವ ಯೂನಿಟ್ ಮೀಟರ್ ಒಂದು ತನ್ನಿ, 16 ಆಂಪಿನದು. ವರ್ಷಕ್ಕೊಮ್ಮೆ, ಒಂದೇ ತಿಂಗಳಲ್ಲಿ, ಬೆಳಗಿನ ಹೊತ್ತು ಹೀಗೆ ಮಾಡಿ. ಹಿಂದಿನ ದಿನ ಓಡಿಸಿ 10ಕ್ಕೆ ತನ್ನಿ. ರಾತ್ರಿ ತಣ್ಣಗಾಗಲಿ. ಬೆಳಗ್ಗೆ 10ರಿಂದ 100ರವರೆಗೆ ಒಂದೇ ಸಲಕ್ಕೆ ತುಂಬಿಸಿ, ಗೋಡೆಯಿಂದ ಎಷ್ಟು ಯೂನಿಟ್ ಹೋಯಿತು ಬರೆದಿಡಿ. ನಡುವಿನಿಂದ ನಡುವಿಗೆ ಅಳೆದರೆ, ಅದರಲ್ಲೂ ಎಲ್‌ಎಫ್‌ಪಿಯಲ್ಲಿ, ಆ ಪರ್ಸೆಂಟೇ ತಪ್ಪಿರಬಹುದು. ಚಾರ್ಜರ್‌ನಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ಬಿಸಿಯಾಗಿ ಹೋಗುತ್ತದೆ. ಅದು ಪ್ರತಿ ವರ್ಷವೂ ಹೋಗುವುದೇ, ಹೋಲಿಕೆಗೆ ಅಡ್ಡಿಯಿಲ್ಲ.

ನನ್ನದು 3 ಯೂನಿಟ್‌ನ ಬ್ಯಾಟರಿ. ಜುಲೈ 2023ರಲ್ಲಿ 2.60 ಯೂನಿಟ್ ತೆಗೆದುಕೊಂಡಿತು. 2024ರ ಜುಲೈನಲ್ಲಿ 2.52. 2025ರಲ್ಲಿ 2.46. ಅಂದರೆ ಬೇವಿನ ಮರದ ಎರಡು ವರ್ಷದಲ್ಲಿ ಹೋದದ್ದು ಐದೂವರೆ ಪಾಲು. ತಗಡಿನ ಎರಡು ವರ್ಷದಲ್ಲಿ ಹದಿನೈದು. ಎಲ್ಲವೂ ನನ್ನ ಜಾಣತನ ಅಂದುಕೊಳ್ಳಬೇಡಿ. ಕೆನೆ ದಪ್ಪವಾದ ಮೇಲೆ ಮುಂದೆ ಬೆಳೆಯುವುದು ತಾನೇ ನಿಧಾನವಾಗುತ್ತದೆ. ಆದರೂ ಅಷ್ಟೊಂದು ಅಂತರಕ್ಕೆ ಅದೊಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ.

ಮುದಿತನಕ್ಕೆ ಇನ್ನೊಂದು ಮುಖ ಇದೆ. ಕೊಡ ಸಣ್ಣದಾಗುವುದರ ಜೊತೆಗೆ ಅದರ ಬಾಯಿಯೂ ಕಿರಿದಾಗುತ್ತದೆ. ಒಳಗಿನ ರೆಸಿಸ್ಟೆನ್ಸ್ ಏರುತ್ತದೆ. ಅದಕ್ಕೇ ಹಳೆ ಗಾಡಿ 15 ಪರ್ಸೆಂಟ್‌ನಲ್ಲಿ ಏರು ಹತ್ತುವಾಗ, ಅದೂ ಹಿಂದೆ ಒಬ್ಬರು ಕೂತಿದ್ದರೆ, ಉಸಿರು ಬಿಡುತ್ತದೆ. ಎಕ್ಸಲರೇಟರ್ ತಿರುವಿದ ಕೂಡಲೇ ವೋಲ್ಟೇಜ್ ಕುಸಿದು ಬಿಎಂಎಸ್ ಹಿಡಿದುಬಿಡುತ್ತದೆ. 30ಕ್ಕಿಂತ ಕೆಳಗೆ ಬಂದಾಗ ನಾನು ಇಕೋ ಮೋಡ್‌ನಲ್ಲೇ ಓಡಿಸುತ್ತೇನೆ.

ಮುದಿತನ ಮೆಲ್ಲಗೆ ಬರುತ್ತದೆ. ಒಂದೇ ವಾರದಲ್ಲಿ 70 ಕಿ.ಮೀ. 45ಕ್ಕೆ ಬಿದ್ದರೆ ಅದು ಮುದಿತನ ಅಲ್ಲ, ಯಾವುದೋ ಒಂದು ಸೆಲ್ ಸಾಲು ಕೈಕೊಟ್ಟಿದೆ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಗಾಡಿ ಕುಂಟಿದಂತೆಯೇ ಲೆಕ್ಕ. ಸಾಲಾಗಿ ಕೂಡಿಸಿದ ಸೆಲ್ಲುಗಳಲ್ಲಿ ಅತಿ ದುರ್ಬಲವಾದದ್ದು ಖಾಲಿಯಾದ ಕೂಡಲೇ ಬಿಎಂಎಸ್ ಎಲ್ಲವನ್ನೂ ನಿಲ್ಲಿಸುತ್ತದೆ. ವಾರಂಟಿ ಇದ್ದರೆ ತಡಮಾಡದೆ ಹೋಗಿ, ನಿಮ್ಮ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಬಹಳ ಕಂಪನಿಗಳ ವಾರಂಟಿಯಲ್ಲಿ 70 ಪರ್ಸೆಂಟ್‌ಗಿಂತ ಕೆಳಗೆ ಇಳಿದರೆ ಅನ್ನುವ ಮಾತಿರುತ್ತದೆ. ಆ ಸಾಲು ನಿಮ್ಮ ಕಾಗದದಲ್ಲಿ ಇದೆಯೇ ಅಂತ ಇವತ್ತೇ ಓದಿ.

ಕೈ ಹಾಕಬಾರದ ಕಡೆ

ನನಗೆ ಸೋಲ್ಡರಿಂಗ್ ಬರುತ್ತದೆ, ಮಲ್ಟಿಮೀಟರ್ ಇದೆ. ಆದರೂ ಲಿಥಿಯಂ ಪ್ಯಾಕ್ ಬಿಚ್ಚುವುದಿಲ್ಲ. "ಸತ್ತ ನಾಲ್ಕು ಸೆಲ್ ಬದಲಿಸಿ ಕೊಡು" ಅಂತ ವಾರಕ್ಕೊಬ್ಬರು ಬರುತ್ತಾರೆ, ಕೈಮುಗಿದು ಕಳಿಸುತ್ತೇನೆ. ಹಳೆಯದರ ನಡುವೆ ಹೊಸದು ಸೇರಿಸಿದರೆ ಮತ್ತೆ ಅದೇ ಜೋಡೆತ್ತಿನ ಕಥೆ. 2022ರಲ್ಲಿ ದೇಶದ ಹಲವು ಕಡೆ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮ ಬಿಗಿಯಾಯಿತು. ಮೊದಲ ಹಂತ 2022ರ ಡಿಸೆಂಬರ್‌ನಲ್ಲಿ, ಎರಡನೆಯದು 2023ರ ಮಾರ್ಚ್ ಕೊನೆಗೆ ಜಾರಿಗೆ ಬಂತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಾಡಿ ತಯಾರಾದ ತಿಂಗಳನ್ನು ನೋಡಿ. ಎರಡನೇ ಹಂತದ ಆಚೆಯದು ಸಿಕ್ಕರೆ ಒಳ್ಳೆಯದು.

ಬ್ಯಾಟರಿ ಉಬ್ಬಿದರೆ, ಸಿಹಿ ಸಿಹಿ ಥಿನ್ನರ್‌ನಂಥ ವಾಸನೆ ಬಂದರೆ, ಚಾರ್ಜ್ ಇಲ್ಲದೆಯೂ ಬಿಸಿಯಾಗಿದ್ದರೆ, ಮಳೆ ನೀರಲ್ಲಿ ಮುಳುಗಿದ್ದರೆ ಚಾರ್ಜ್ ಹಾಕಬೇಡಿ. ಬಯಲಿಗೆ ತಳ್ಳಿ ಸರ್ವಿಸ್‌ನವರನ್ನು ಕರೆಯಿರಿ. ಹೊಗೆ ಕಂಡರೆ ಹತ್ತಿರ ಹೋಗದೆ 112ಕ್ಕೆ ಫೋನ್ ಮಾಡಿ. ಮತ್ತೆ, ಮೆಟ್ಟಿಲ ಕೆಳಗೆ ಅಥವಾ ಮನೆಯ ಒಂದೇ ಬಾಗಿಲ ಎದುರಿಗೆ ಚಾರ್ಜ್‌ಗೆ ಹಾಕಿ ಮಲಗಬೇಡಿ. ಏನಾದರೂ ಆದರೆ ಹೊರಗೆ ಬರಲು ದಾರಿ ಬೇಕಲ್ವಾ.

ಸೀಸದ ಹಳೆ ಬ್ಯಾಟರಿಗೆ ಗುಜರಿಯವರು ಕೆಜಿ ಲೆಕ್ಕದಲ್ಲಿ ದುಡ್ಡು ಎಣಿಸಿ ಕೊಡುತ್ತಾರೆ. ಆ ಅಭ್ಯಾಸದಲ್ಲಿ ಲಿಥಿಯಂ ಪ್ಯಾಕನ್ನೂ ಕೊಟ್ಟುಬಿಡಬೇಡಿ. ಅವರು ಸುತ್ತಿಗೆಯಿಂದ ಒಡೆಯುತ್ತಾರೆ, ಒಳಗೆ ಚಾರ್ಜ್ ಉಳಿದಿರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ವಾಪಸ್ ತೆಗೆದುಕೊಳ್ಳುವ ಜವಾಬ್ದಾರಿ ತಯಾರಕರದು. ಶೋರೂಮಿಗೇ ಕೊಂಡೊಯ್ದು ರಸೀದಿ ತೆಗೆದುಕೊಳ್ಳಿ.

ನನ್ನ ಗಾಡಿ ಈಗ 68 ಕಿ.ಮೀ. ಓಡುತ್ತದೆ. ಶಕ್ತಿನಗರಕ್ಕೆ ಹೋಗಿ ಬಂದು ಇನ್ನೂ 28 ಉಳಿಯುತ್ತದೆ. ಹಿತ್ತಲಿನ ಶೆಡ್‌ನಲ್ಲಿ ಈಗ ನಮ್ಮನೆಯವರು ಹಪ್ಪಳ, ಸಂಡಿಗೆ ಒಣಗಿಸುತ್ತಾರೆ. ಮೇ ತಿಂಗಳಲ್ಲಿ ಒಂದೇ ದಿನಕ್ಕೆ ಗರಿಗರಿ.